ಗಂತಿನಲ್ಲಿ ನಿಂತ ಕೋಣ

ನಮ್ಮೂರು ಹಣಕೋಣ. ಹೆಸರಿನಲ್ಲಿ ಹಣವೂ ಇದೆ, ಕೋಣವೂ ಇದೆ. ಊರಿನಲ್ಲಿ ಮಾತ್ರ ಮೊದಲನೆಯದು ಕಡಿಮೆ, ಎರಡನೆಯದು ಇನ್ನೂ ಕಡಿಮೆ. ಹೆಸರಿನ ಮೂಲ ಅದಲ್ಲವೆಂದು ಬಲ್ಲವರು ನಗಬಹುದು, ನಗಲಿ. ಕಾರವಾರ ತಾಲೂಕು ದಾಟಿ ಎಲ್ಲಿಗೆ ಹೋಗಿ ಊರ ಹೆಸರು ಹೇಳಿದರೂ ಎದುರಿನವರು ಒಮ್ಮೆ ನನ್ನ ಜೇಬನ್ನು, ಇನ್ನೊಮ್ಮೆ ನನ್ನ ಮೈಕಟ್ಟನ್ನು ನೋಡುತ್ತಾರೆ. ಎರಡರಲ್ಲೂ ಅವರಿಗೆ ನಿರಾಶೆ ಕಾದಿರುತ್ತದೆ.

ಇಂಥ ಊರಿನವನಿಗೆ ಕಂಬಳದ ಹುಚ್ಚು ಹಿಡಿದದ್ದು ಹೇಗೆಂದು ಕೇಳಿದರೆ ಉತ್ತರ ಸುಲಭ. ನನ್ನ ಹೆಂಡತಿಯ ತವರು ಕಾರ್ಕಳದ ಕಡೆ. ಮದುವೆಯಾದ ಮೊದಲ ವರ್ಷವೇ ಭಾವ ನನ್ನನ್ನು ಮಿಯಾರಿನ ಲವ-ಕುಶ ಜೋಡುಕರೆಗೆ ಕರೆದೊಯ್ದು ನಿಲ್ಲಿಸಿದರು. ಕೆಸರು ನೀರು ಆಳೆತ್ತರಕ್ಕೆ ಹಾರಿ ನನ್ನ ಹೊಸ ಅಂಗಿಯ ಮೇಲೆ ಬಿತ್ತು. ಅಂದಿನಿಂದ ಆ ಕಲೆ ಹೋಗಿಲ್ಲ. ಅಂಗಿಯದ್ದಲ್ಲ, ನನ್ನದು.

ನಮ್ಮ ಕಾರವಾರ, ಅಂಕೋಲೆಯ ಕಡೆ ಜೋಡುಕರೆ ಇಲ್ಲದಿದ್ದರೂ ನಿಯಮಗಳಿಗೇನೂ ಬರವಿಲ್ಲ. ನಮ್ಮೂರಿನ ಸಾತೇರಿ ದೇವಿಯ ಗುಡಿ ವರ್ಷಕ್ಕೆ ಏಳೇ ದಿನ ತೆರೆಯುತ್ತದೆ. ಎಂಟನೆಯ ದಿನ ಯಾವ ದೊಡ್ಡ ಮನುಷ್ಯ ಬಂದರೂ ಬಾಗಿಲು ಬಾಗಿಲೇ. ಅಂಕೋಲೆಯಲ್ಲಿ ಬಲಿಪಾಡ್ಯದಂದು ಆಡುವ ಹೊಂಡೆ ಹಬ್ಬದಲ್ಲಿ ಎರಡು ಗುಂಪಿನವರು ಹೊಂಡೆಕಾಯಿಯಿಂದ ಒಬ್ಬರಿಗೊಬ್ಬರು ಹೊಡೆಯುತ್ತಾರೆ. ಆದರೆ ಪೆಟ್ಟು ಮೊಣಕಾಲಿನ ಕೆಳಗೇ ಬೀಳಬೇಕು. ಆಟದ ನಿಯಮವೆಂದರೆ ಇಷ್ಟೇ ಎಂದು ನಾನು ನಂಬಿಕೊಂಡವನು. ಅದು ಎಲ್ಲರಿಗೂ ಗೊತ್ತಿರಬೇಕು, ಯಾರಿಗೂ ಬಾಗಬಾರದು.

ಈ ನಂಬಿಕೆ ಇಟ್ಟುಕೊಂಡು ಕಂಬಳ ನೋಡಲು ಹೋಗುವವನಿಗೆ ಸಂತೋಷವೂ ಉಂಟು, ಸಂಕಟವೂ ಉಂಟು. ಮೊದಲು ಸಂತೋಷದ ಮಾತು.

ಕಂಬಳ ಕಾಣದ ಓದುಗರಿಗಾಗಿ ಒಂದೆರಡು ಮಾತು ಹೇಳಿಬಿಡುತ್ತೇನೆ. ಕರೆ ಎಂದರೆ ಕೋಣ ಓಡುವ ಕೆಸರಿನ ಓಣಿ. ಅಕ್ಕಪಕ್ಕ ಎರಡಿದ್ದರೆ ಜೋಡುಕರೆ. ಓಟ ಹೊರಡುವ ಜಾಗ ಗಂತು, ಮುಗಿಯುವ ಜಾಗ ಮಂಜೊಟ್ಟಿ. ಕನೆಹಲಗೆ, ಅಡ್ಡಹಲಗೆ, ಹಗ್ಗ, ನೇಗಿಲು ಎಂದು ವಿಭಾಗಗಳು. ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂಬ ಭೇದ ಬೇರೆ. ಕನೆಹಲಗೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಹಲಗೆಯ ಮೇಲೆ ನಿಂತವನ ಕಾಲಡಿಯಿಂದ ನೀರು ಚಿಮ್ಮಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು. ಬಟ್ಟೆ ಒದ್ದೆಯಾಯಿತೋ ಇಲ್ಲವೋ, ತೀರ್ಪು ಅಷ್ಟೆ. ಇಷ್ಟು ಚೊಕ್ಕ ತೀರ್ಪು ನಮ್ಮ ಎಷ್ಟು ಕಚೇರಿಗಳಲ್ಲಿ ಸಿಕ್ಕೀತು?

ಉಳಿದ ವಿಭಾಗಗಳಲ್ಲಿ ಎರಡು ಜೋಡಿ ಒಟ್ಟಿಗೆ ಓಡುತ್ತವೆ. ಮೊದಲೆಲ್ಲ ಮಂಜೊಟ್ಟಿಯಲ್ಲಿ ನಿಂತ ತೀರ್ಪುಗಾರರ ಕಣ್ಣೇ ಕಣ್ಣು. ಎರಡು ಮೂತಿ ಒಟ್ಟಿಗೆ ಬಂದಾಗ ಯಾವುದು ಮುಂದೆ ಎಂಬುದಕ್ಕೆ ತೀರ್ಪು ಹತ್ತು ಸೆಕೆಂಡಿನದು, ಜಗಳ ಹತ್ತು ವರ್ಷದ್ದು. ಲೇಸರ್ ಬಂದ ಮೇಲೆ ಆ ಜಗಳ ಬಹುಮಟ್ಟಿಗೆ ಸತ್ತಿತು. ಕಿರಣ ಕಡಿದ ಕ್ಷಣ ಫಲಕದ ಮೇಲೆ ಸೆಕೆಂಡಿನ ನೂರನೆಯ ಒಂದು ಪಾಲಿನವರೆಗೆ ಅಂಕಿ ಮೂಡುತ್ತದೆ. ಯಜಮಾನರು ಯಾರು, ಜಾತಿ ಯಾವುದು, ಪಕ್ಷ ಯಾವುದು ಎಂದು ಲೇಸರ್ ಕೇಳುವುದಿಲ್ಲ. ನಾನಂತೂ ಆ ಯಂತ್ರಕ್ಕೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಆ ಅಂಕಿಯೇ 2020ರ ಫೆಬ್ರುವರಿಯಲ್ಲಿ ಕಂಬಳವನ್ನು ಜಗತ್ತಿಗೆಲ್ಲ ಪರಿಚಯಿಸಿತು. ಐಕಳದಲ್ಲಿ ಶ್ರೀನಿವಾಸ ಗೌಡ 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಭಾಗಾಕಾರ ಮಾಡಿದರು: ನೂರು ಮೀಟರಿಗೆ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ದೆಹಲಿಯಿಂದ ಕೇಂದ್ರ ಕ್ರೀಡಾ ಸಚಿವರ ಕರೆ ಬಂತು. ಅದೇ ತಿಂಗಳಲ್ಲಿ ವೇಣೂರಿನ ಸೂರ್ಯ-ಚಂದ್ರ ಕರೆಯಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಓಡಿ ಆ ಅಂಕಿಯನ್ನೂ ಹಿಂದೆ ಹಾಕಿದರು.

ಆಗ ನಮ್ಮೂರ ಚಹಾದಂಗಡಿಯಲ್ಲೂ ನನಗೊಂದು ಬೆಲೆ ಬಂತು. "ದಾದಾ, ನೀವು ಹೇಳಿ, ಬೋಲ್ಟ್ ದೊಡ್ಡವನೋ ಗೌಡ್ರು ದೊಡ್ಡವರೋ?" ಎಂದು ಹುಡುಗರು ಕೇಳಿದರು. ನಾನು ಅಭಿಮಾನಿ ನಿಜ, ಆದರೆ ಲೆಕ್ಕಕ್ಕೆ ಮೋಸ ಮಾಡಲಾರೆ. ಕಂಬಳದ ಓಟಗಾರನ ಮುಂದೆ ಎಳೆಯುವ ಎರಡು ಕೋಣಗಳಿವೆ, ಬೋಲ್ಟನ ಮುಂದೆ ಬರೀ ಗಾಳಿ. ಬೋಲ್ಟನ ಕಾಲಡಿ ಗಟ್ಟಿ ಟ್ರ್ಯಾಕು, ಗೌಡರ ಕಾಲಡಿ ಕೆಸರು. ಒಂದು ಕರೆಯ ಉದ್ದ ಇನ್ನೊಂದಕ್ಕಿಲ್ಲ, ಒಂದರ ನೀರು ಇನ್ನೊಂದಕ್ಕಿಲ್ಲ. ಕಂಬಳದ ಅಂಕಿ ಬೆಲೆ ಬಾಳುವುದು ಪಕ್ಕದ ಕರೆಯಲ್ಲಿ ಅದೇ ಗಳಿಗೆ ಓಡಿದ ಜೋಡಿಯೆದುರು. ಬರ್ಲಿನ್‌ನ ಎದುರು ಅಲ್ಲ. ಗೌಡರು ಸಹ ಕೆಸರಿನಲ್ಲಿ ಓಡುವುದು ಬೇರೆ, ಟ್ರ್ಯಾಕಿನಲ್ಲಿ ಓಡುವುದು ಬೇರೆ ಎಂದು ವಿನಯದಿಂದ ಹೇಳಿ ಸರಕಾರದ ಪರೀಕ್ಷೆಗೆ ಹೋಗಲು ಒಪ್ಪಲಿಲ್ಲ. ಅಭಿಮಾನಿಗಳಿಗಿಂತ ಓಟಗಾರನಿಗೇ ಹೆಚ್ಚು ವಿವೇಕವಿತ್ತು.

ಆದರೆ ಆ ದಿನಗಳಲ್ಲಿ ಬೋಲ್ಟನ ಇನ್ನೊಂದು ಕಥೆಯನ್ನು ಯಾರೂ ನೆನೆಯಲಿಲ್ಲ. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ವಿಶ್ವ ಚಾಂಪಿಯನ್‌ಷಿಪ್. ನೂರು ಮೀಟರ್ ಫೈನಲ್. ಬೋಲ್ಟ್ ಪಿಸ್ತೂಲಿನ ಸದ್ದಿಗೆ ಮುಂಚೆ ಹೊರಟುಬಿಟ್ಟ. ಹಿಂದಿನ ವರ್ಷವಷ್ಟೇ ನಿಯಮ ಬಿಗಿಯಾಗಿತ್ತು: ಒಮ್ಮೆ ತಪ್ಪಿದರೂ ಹೊರಗೆ. ಜಗತ್ತಿನ ಅತಿ ವೇಗದ ಮನುಷ್ಯ ಅಂಗಿ ಕಳಚಿ ಹೊರನಡೆದ. ಓಟ ಅವನಿಲ್ಲದೆ ನಡೆಯಿತು. ಅಷ್ಟು ಜನ ಅವನನ್ನೇ ನೋಡಲು ಬಂದಿದ್ದರಲ್ಲ, ಒಂದು ಅವಕಾಶ ಕೊಡೋಣ ಎಂದು ಯಾರೂ ಅನ್ನಲಿಲ್ಲ.

ಇಲ್ಲಿಂದ ನನ್ನ ಸಂಕಟ ಶುರು.

ಕೆಲವು ವರ್ಷಗಳ ಹಿಂದೆ ಒಂದು ಕಂಬಳಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಕಾರವಾರದಲ್ಲಿ ರೈಲು ಹತ್ತಿ, ಉಡುಪಿಯಲ್ಲಿ ಇಳಿದು, ಭಾವನ ಜತೆ ಬಸ್ಸಿನಲ್ಲಿ ಹೋದದ್ದು. ನಡುರಾತ್ರಿ ಕಳೆದಿತ್ತು. ಗಂತಿನಲ್ಲಿ ಎರಡು ಜೋಡಿ ನಿಂತಿದ್ದವು. ಒಂದು ಜೋಡಿ ಸಣ್ಣ ಹಿಡುವಳಿಯವರೊಬ್ಬರದು. ಮನೆಮಂದಿಯೆಲ್ಲ ಮಗುವಿನಂತೆ ಸಾಕಿದ ಕೋಣಗಳು ಎಂದು ಭಾವ ಹೇಳಿದರು. ಇನ್ನೊಂದು ಹೆಸರುವಾಸಿ ಮನೆತನದ್ದು. ಸಣ್ಣವರ ಜೋಡಿ ಬಂದ ಕೂಡಲೆ ಸಜ್ಜಾಗಿ ನಿಂತಿತು. ದೊಡ್ಡವರ ಜೋಡಿ ಸರಿಯಾಗಿ ನಿಲ್ಲಲಿಲ್ಲ. ತಿರುಗಿಸಿದರು, ಮತ್ತೆ ತಂದರು, ಮತ್ತೆ ತಿರುಗಿಸಿದರು. ಮೈಕಿನವರು ವಿನಂತಿಸಿದರು, ಆಮೇಲೆ ಕೈಮುಗಿದು ವಿನಂತಿಸಿದರು, ಆಮೇಲೆ ಬೇರೆ ಯಾರದೋ ಸನ್ಮಾನಕ್ಕೆ ಹೋದರು. ಮುಕ್ಕಾಲು ಗಂಟೆ. ಸಜ್ಜಾಗಿ ನಿಂತಿದ್ದ ಸಣ್ಣವರ ಕೋಣಗಳ ಬಾಯಿಯಲ್ಲಿ ನೊರೆ ಬಂತು. ಒಂದು ಕೋಣ ಮೊದಲು ಕಾಲು ಕೆದರಿತು, ಆಮೇಲೆ ಕೆದರುವುದನ್ನೂ ನಿಲ್ಲಿಸಿತು. ಕೊನೆಗೆ ಬಿಟ್ಟಾಗ ಅದು ಅರ್ಧ ಕರೆಯವರೆಗೂ ಓಡಿದ್ದು ಅಭ್ಯಾಸಬಲದಿಂದ, ಉಳಿದರ್ಧ ಬೆತ್ತದ ಬಲದಿಂದ. ಮಂಜೊಟ್ಟಿಯಲ್ಲಿ ಲೇಸರ್ ಪ್ರಾಮಾಣಿಕವಾಗಿ ಸೋಲನ್ನು ಅಳೆದು ತೋರಿಸಿತು.

ಯಂತ್ರ ಸುಳ್ಳು ಹೇಳಲಿಲ್ಲ. ಆದರೆ ಆ ಓಟ ಸೋತದ್ದು ಮಂಜೊಟ್ಟಿಯಲ್ಲಲ್ಲ, ಗಂತಿನಲ್ಲಿ. ಅಲ್ಲಿ ಯಾವ ಕಿರಣವೂ ಇರಲಿಲ್ಲ.

ವಾಪಸು ಬರುವಾಗ ಭಾವನೊಡನೆ ಜಗಳವಾಡಿದೆ. ಹೆಂಡತಿಯ ಸೋದರಳಿಯನೊಬ್ಬ ಇಂಗ್ಲೆಂಡಿನಲ್ಲಿದ್ದಾನೆ. ರಜೆಗೆ ಬಂದಾಗಲೆಲ್ಲ ಅಲ್ಲಿನ ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಪಂದ್ಯದ ವರ್ಣನೆ ಮಾಡುತ್ತಾನೆ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು, ನಾಲ್ವರು ಸವಾರರು, ನಾಲ್ಕು ಸುತ್ತು. ಬೈಕಿಗೆ ಬ್ರೇಕೇ ಇಲ್ಲ! ಗೆದ್ದವನಿಗೆ ಮೂರು ಅಂಕ, ಆಮೇಲೆ ಎರಡು, ಒಂದು, ಸೊನ್ನೆ. ಹೊರಡುವ ಕಡೆ ಅಡ್ಡ ಕಟ್ಟಿದ ಪಟ್ಟಿ ಮೇಲೇಳುತ್ತಲೂ ಓಟ ಶುರು. ನನಗೆ ಹಿಡಿಸಿದ್ದು ಅದರ ಆರಂಭದ ನಿಯಮ. ರೆಫರಿ ಎರಡು ನಿಮಿಷದ ಗಡುವು ಹಾಕುತ್ತಾನೆ. ಅಷ್ಟರಲ್ಲಿ ಗೆರೆಗೆ ಬರದವನು ಆ ಓಟದಿಂದ ಹೊರಗೆ. ಮೂರು ಬಾರಿ ವಿಶ್ವ ಚಾಂಪಿಯನ್ ಆದವನಿರಲಿ, ನಿನ್ನೆ ಮೊನ್ನೆ ಬಂದ ಪೋರನಿರಲಿ. ಪಟ್ಟಿ ಮುಟ್ಟಿದವನಿಗೂ ಶಿಕ್ಷೆ ಉಂಟು. ಒಳಗಿನ ಜಾಗ, ಹೊರಗಿನ ಜಾಗ ಎಂಬ ತಕರಾರು ಬಾರದಿರಲೆಂದು ದೊಡ್ಡ ಪಂದ್ಯಗಳಲ್ಲಿ ಪ್ರತಿಯೊಬ್ಬ ಸವಾರನಿಗೂ ನಾಲ್ಕೂ ಜಾಗಗಳು ಸರದಿಯಲ್ಲಿ ಸಿಗುವಂತೆ ಪಟ್ಟಿ ಮಾಡಿರುತ್ತಾರೆ.

ಅಲ್ಲಿಯೂ ಎಲ್ಲವೂ ಚಿನ್ನವಲ್ಲ. ಬಹಳ ಹಿಂದೆ ಬಿದ್ದ ತಂಡದ ಸವಾರನೊಬ್ಬನಿಗೆ ಒಂದು ಓಟದಲ್ಲಿ ಅಂಕ ದುಪ್ಪಟ್ಟು ಮಾಡುವ ನಿಯಮ ಬ್ರಿಟನ್ನಿನಲ್ಲಿ ಹಲವು ವರ್ಷ ಇತ್ತು. ಪಂದ್ಯ ರೋಚಕವಾಗಲಿ ಎಂಬ ಆಸೆ. ಚೆನ್ನಾಗಿ ಓಡಿ ಮುಂದೆ ಹೋದ ತಂಡಕ್ಕೆ ಇದೆಂಥ ಬಹುಮಾನ ಎಂದು ಅಲ್ಲಿನ ಅಭಿಮಾನಿಗಳು ಕೇಳುತ್ತಿದ್ದರಂತೆ. ಅವರ ಮಾತು ನನಗೆ ಸರಿ ಕಾಣುತ್ತದೆ. ಹಿಂದುಳಿದವನಿಗೆ ಮುಕ್ತಾಯದಲ್ಲಿ ದಾನ ಕೊಡುವುದು ನ್ಯಾಯವಲ್ಲ. ಆರಂಭದಲ್ಲಿ ಸಮಪಾಲು ಕೊಡುವುದು ನ್ಯಾಯ.

ಭಾವ ಸುಮ್ಮನೆ ಕೇಳಿ, ವೀಳ್ಯ ಉಗುಳಿ, ಅಂದರು: "ಭಾವ, ಕೋಣ ಬೈಕಲ್ಲ ಮಾರಾಯ್ರೆ. ಅದಕ್ಕೆ ಮನಸ್ಸುಂಟು. ಎರಡು ಜೋಡಿ ಸಮ ನಿಲ್ಲುವ ಮೊದಲೇ ಬಿಟ್ರೆ ಅದೂ ಅನ್ಯಾಯವೇ ಅಲ್ವಾ? ವರ್ಷವಿಡೀ ಸಾಕಿದವನ ಹೊಟ್ಟೆ ಉರಿಯುದಿಲ್ವಾ?"

ಮಾತಿನಲ್ಲಿ ಸತ್ಯವಿದೆ. ಕೋಣಕ್ಕೆ ಎರಡು ನಿಮಿಷ ಸಾಲದು. ಐದಾಗಲಿ, ಹತ್ತಾಗಲಿ, ಬಲ್ಲವರು ಕೂತು ಗೊತ್ತುಮಾಡಲಿ. ಆದರೆ ಗೊತ್ತುಮಾಡಿದ ಮೇಲೆ ಗಡಿ ಗಡಿಯೇ ಆಗಬೇಕು. ಭಾವ ಹೇಳಿದ ಕಾರಣವೇ ನನ್ನ ಕಾರಣವೂ ಹೌದು. ಕಾಯುವುದರಿಂದ ಬೈಕಿಗೆ ದಣಿವಿಲ್ಲ, ಕೋಣಕ್ಕೆ ಉಂಟು. ಮನಸ್ಸಿಲ್ಲದ ಯಂತ್ರಕ್ಕೇ ಅವರು ಎರಡು ನಿಮಿಷದ ಗಡಿ ಹಾಕಿದ್ದರೆ, ಮನಸ್ಸಿರುವ ಪ್ರಾಣಿಗೆ ನಾವು ಗಡಿಯೇ ಇಲ್ಲದೆ ನಿಲ್ಲಿಸಬಹುದೆ? ಸ್ಪೀಡ್‌ವೇಯ ಸವಾರ ರೆಫರಿಯ ಬಳಿ ದೂರು ಕೊಟ್ಟಾನು. ಕೋಣ ಯಾರ ಬಳಿ ಕೊಡಬೇಕು?

ಇದು ಬರೀ ಅಭಿಮಾನಿಯ ಗೊಣಗಾಟವಲ್ಲ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿದಾಗ ಅದರ ನೆರಳು ಕಂಬಳದ ಮೇಲೂ ಬಿತ್ತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆಯಾಜ್ಞೆ ಬಂತು, ಕರೆಗಳು ಒಣಗಿದವು. ಜನ ಬೀದಿಗಿಳಿದರು. ರಾಜ್ಯ ಸರಕಾರ 2017ರಲ್ಲಿ ತಿದ್ದುಪಡಿ ತಂದಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಆ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು. ನಾವೆಲ್ಲ ಗೆದ್ದೆವೆಂದು ಪಟಾಕಿ ಹೊಡೆದೆವು. ಆದರೆ ಆ ಕಾನೂನಿಗೊಂದು ಷರತ್ತಿದೆ: ಪ್ರಾಣಿಗೆ ಅನಗತ್ಯ ನೋವು ಕೊಡಬಾರದು. ನಾವು ಗೆದ್ದದ್ದು ಕಂಬಳವನ್ನಲ್ಲ, ಒಂದು ಮಾತು ಕೊಟ್ಟು ಕಂಬಳವನ್ನು ಬಿಡಿಸಿಕೊಂಡು ಬಂದಿದ್ದೇವೆ. ಬೆತ್ತ ಎತ್ತಿದಾಗಲೆಲ್ಲ, ಗಂತಿನಲ್ಲಿ ಕೋಣ ನೊರೆ ಕಾರಿದಾಗಲೆಲ್ಲ ಆ ಮಾತು ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಸಂಘಟಕರಿಗೆ ಇದು ಗೊತ್ತಿಲ್ಲವೆಂದಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ತೀರ್ಮಾನವಾಗಿದೆ. ಬಿಡುವ ಕಡೆಗೂ ಯಂತ್ರ, ಗಡುವು ತರುವ ಪ್ರಯತ್ನಗಳು ನಡೆದಿವೆ. ಒಳ್ಳೆಯದು. ಆದರೆ ಯಂತ್ರ ತಂದರೆ ಸಾಲದು. ಗಡುವು ಮೀರಿದವರ ಹೆಸರು ದೊಡ್ಡದಿದ್ದಾಗಲೂ ಅದನ್ನು ಓದಿ ಹೇಳುವ ಒಂದು ಗಂಟಲು ಬೇಕು. ಮಂಜೊಟ್ಟಿಯಲ್ಲಿ ಬೆಳಕಿನ ಕಿರಣ ಸಾಕು. ಗಂತಿನಲ್ಲಿ ಬೆನ್ನುಮೂಳೆ ಬೇಕು.

ಬಂಟ್ವಾಳದ ಕಕ್ಯಪದವಿನ ಜೋಡುಕರೆಗೆ ಹಿರಿಯರು ಇಟ್ಟ ಹೆಸರು ಸತ್ಯ-ಧರ್ಮ. ಎರಡು ಕರೆಗಳಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ತಿಳಿಯದು. ಸತ್ಯವನ್ನು ಲೇಸರ್ ನೋಡಿಕೊಳ್ಳುತ್ತದೆ. ಧರ್ಮವನ್ನು ನಾವೇ ನೋಡಿಕೊಳ್ಳಬೇಕು.

ಮೊನ್ನೆ ಭಾವನ ಫೋನು ಬಂದಿತ್ತು. ಈ ಸಲ ಬರುವುದಿಲ್ಲವೆ ಎಂದು ಕೇಳಿದರು. ಆ ಸಣ್ಣ ಹಿಡುವಳಿಯವರು ಈ ವರ್ಷವೂ ಕೋಣ ಇಳಿಸುತ್ತಾರೆಯೇ ಎಂದು ನಾನು ಕೇಳಿದೆ. ಇಳಿಸುತ್ತಾರಂತೆ. ಹಾಗಾದರೆ ಬರುತ್ತೇನೆ ಎಂದೆ. ಬಹುಮಾನದ ಪವನು ಯಾರಿಗೆ ಹೋದರೂ ಚಿಂತೆಯಿಲ್ಲ, ಆ ಜೋಡಿ ಹೊತ್ತಿಗೆ ಸರಿಯಾಗಿ ಹೊರಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಹಣ ಮುಂದೆ, ಕೋಣ ಹಿಂದೆ. ಅದು ನಮ್ಮೂರ ಹೆಸರಿನಲ್ಲಿ ಮಾತ್ರ ಇರಲಿ.