ಮೋಟಾರಿನ ಮಾಡಿನ ಗಾಜು: ಸಾಧ್ಯ, ಯಾಪ್ಯ, ಅಸಾಧ್ಯ

ಮಲೆನಾಡಿನವರಿಗೆ ಮಾಡಿನಲ್ಲಿ ಗಾಜಿರುವುದು ಹೊಸ ಸಂಗತಿಯಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಆ ಹೆಂಚು ಘಟ್ಟವನ್ನೇರಿ ನಮ್ಮ ಸೀಮೆಯ ಮನೆಗಳನ್ನು ಹೊದಿಸಿತು. ಅಡಿಗೆಮನೆಯ ಕತ್ತಲೆಯನ್ನು ಕಳೆಯುವುದಕ್ಕೆ ಅದೇ ಆಕೃತಿಯ ಗಾಜಿನ ಹೆಂಚೂ ರೂಢಿಗೆ ಬಂದಿತು. ಆ ಗಾಜಿನ ಹೆಂಚು ಸೀಳಿದರೆ ಮಾಡತಕ್ಕದ್ದೇನೆಂಬುದು ಪ್ರತಿಯೊಬ್ಬ ಗೃಹಸ್ಥನಿಗೂ ಗೊತ್ತಿದೆ. ಬೇಸಗೆಯಲ್ಲಾದರೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರೆಗೆ ಸುಮ್ಮನಿರುವುದು. ಮಳೆಗಾಲದಲ್ಲಾದರೆ ಸೋರುವ ಕಡೆ ಒಂದು ಪಾತ್ರೆಯನ್ನಿಡುವುದು. ಮನೆಯ ಮಟ್ಟಿಗೆ ಈ ಪದ್ಧತಿಯಲ್ಲಿ ದೋಷವಿಲ್ಲ. ಆದರೆ ಇದೇ ಪದ್ಧತಿಯನ್ನು ಮೋಟಾರು ಕಾರಿನ ಮಾಡಿನ ಗಾಜಿಗೂ ಅನ್ವಯಿಸಿಕೊಂಡು ಕುಳಿತಿರುವವರು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಕೆಲವರಾದರೂ ನಮ್ಮ ಕಣ್ಣಿಗೆ ಬಿದ್ದಿರುವುದರಿಂದ, ಈ ತಿಂಗಳು ಆ ವಿಷಯವನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಸನ್‌ರೂಫ್ ಎಂಬ ಈ ಗಾಜು ಹಿಂದೆ ಧನಿಕರ ವಾಹನಗಳಿಗೆ ಮಾತ್ರ ಭೂಷಣವಾಗಿದ್ದಿತು. ಈಗ ಸಾಧಾರಣ ಗೃಹಸ್ಥರು ಕೊಳ್ಳುವ ಕಾರುಗಳಲ್ಲಿಯೂ ಕಾಣಬರುತ್ತಿದೆ. ಗಾಜು ಮೇಲುಗಡೆಯದಾದುದರಿಂದ ಅದಕ್ಕೆ ಪೆಟ್ಟು ಬೀಳುವ ಸಂದರ್ಭಗಳು ನಮ್ಮ ಪ್ರಾಂತದಲ್ಲಿ ಹೇರಳ. ಒಣಗಿದ ಅಡಿಕೆಯ ಸೋಗೆ, ತೆಂಗಿನ ಕಾಯಿ, ಗಾಳಿಗೆ ಮುರಿದ ಸಾಲುಮರದ ಕೊಂಬೆ, ಜಲ್ಲಿ ತುಂಬಿದ ಲಾರಿಯಿಂದ ಸಿಡಿದ ಕಲ್ಲು, ಕೊಟ್ಟಿಗೆಯ ಮಾಡಿನಿಂದ ಕೆಳಗೆ ಹಾರುವ ಮಂಗ, ಇವೆಲ್ಲವೂ ಅದಕ್ಕೆ ಶತ್ರುಗಳೇ. ಪೆಟ್ಟು ಬಿದ್ದ ಮೇಲೆ ಯಜಮಾನನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಈಗಲೇ ಬದಲಿಸಬೇಕೆ, ಅಡಿಕೆ ಮಂಡಿಗೆ ಹೋದ ಮೇಲೆ ಬದಲಿಸಿದರೆ ಸಾಲದೆ?

ಈ ಪ್ರಶ್ನೆಗೆ ಜನರು ಸಾಮಾನ್ಯವಾಗಿ ಬಿರುಕಿನ ಅಳತೆಯನ್ನು ನೋಡಿ ಉತ್ತರ ಹೇಳಿಕೊಳ್ಳುತ್ತಾರೆ. ಗಾಯ ಚಿಕ್ಕದು, ಆದುದರಿಂದ ಅಪಾಯವೂ ಚಿಕ್ಕದು ಎಂಬುದು ಅವರ ತರ್ಕ. ಈ ತರ್ಕದಲ್ಲಿ ಹೇತುವೇ ಸರಿಯಿಲ್ಲ. ಮೊದಲು ನೋಡತಕ್ಕದ್ದು ಗಾಯದ ಅಳತೆಯನ್ನಲ್ಲ, ಗಾಜಿನ ಜಾತಿಯನ್ನು.

ಮೋಟಾರುಗಳಲ್ಲಿ ಉಪಯೋಗಿಸುವ ಗಾಜು ಎರಡು ಜಾತಿಯದು. ಒಂದನ್ನು ಟೆಂಪರ್ಡ್ ಅಥವಾ ಟಫನ್ಡ್ ಗಾಜೆನ್ನುತ್ತಾರೆ. ನಾವು ಹದಗಾಜೆಂದು ಕರೆಯೋಣ. ಗಾಜಿನ ಹಲಗೆಯನ್ನು 600 ಸೆಂಟಿಗ್ರೇಡ್ ಡಿಗ್ರಿಗೂ ಮೇಲೆ ಕಾಯಿಸಿ, ಎರಡು ಮೈಗಳ ಮೇಲೂ ತಣ್ಣನೆಯ ಗಾಳಿಯನ್ನು ರಭಸದಿಂದ ಊದಿ ಇದನ್ನು ಸಿದ್ಧಪಡಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಭಾಗವು ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಈ ಒತ್ತಡದ ಬಲದಿಂದಲೇ ಅದು ಸಾಧಾರಣ ಗಾಜಿಗಿಂತ ನಾಲ್ಕೈದು ಪಾಲು ಗಟ್ಟಿ. ಆದರೆ ಹೊರಮೈಯ ಬಿಗಿತವನ್ನು ಯಾವುದಾದರೊಂದು ಗಾಯವು ಭೇದಿಸಿ ಒಳಗಿನ ಸೆಳೆತವನ್ನು ಮುಟ್ಟಿತೆಂದರೆ, ಇಡೀ ಹಲಗೆ ಕ್ಷಣಮಾತ್ರದಲ್ಲಿ ಸಾವಿರಾರು ಹರಳುಗಳಾಗಿ ಸಿಡಿಯುತ್ತದೆ. ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ರೂಪರ್ಟ್ ರಾಜಕುಮಾರನ ಹನಿ ಎಂಬ ಗಾಜಿನ ಆಟಿಕೆಯೊಂದು ಪ್ರಸಿದ್ಧವಾಗಿದ್ದಿತು. ಕರಗಿದ ಗಾಜನ್ನು ತಣ್ಣೀರಿಗೆ ತೊಟ್ಟಿಕ್ಕಿಸಿದರೆ ಬಾಲವುಳ್ಳ ಹನಿಯಾಗುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಬಡಿದರೂ ಒಡೆಯದು, ಬಾಲವನ್ನು ಬೆರಳಿನಿಂದ ಮುರಿದರೆ ಸಮಸ್ತವೂ ಪುಡಿಪುಡಿ. ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರು 1661ರಲ್ಲಿ ಇದನ್ನು ಪರೀಕ್ಷಿಸಿದ್ದುಂಟು. ಹದಗಾಜಿನ ಸ್ವಭಾವವೂ ಇದೇ. ನಡುವೆ ಬಿದ್ದ ದೊಡ್ಡ ಪೆಟ್ಟನ್ನು ತಾಳಬಹುದು. ಅಂಚಿಗೆ ತಗುಲಿದ ಸಣ್ಣ ಗಾಯವನ್ನು ತಾಳಲಾರದು.

ಎರಡನೆಯದು ಲ್ಯಾಮಿನೇಟೆಡ್ ಗಾಜು, ಇದನ್ನು ಪದರಗಾಜೆನ್ನೋಣ. ಎರಡು ತೆಳುಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ಒಂದು ಪೊರೆಯನ್ನು ಸೇರಿಸಿ ಬೆಸೆದದ್ದು. ಇದರ ಮೂಲಪುರುಷನು ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್. ಅವನು 1909ರಲ್ಲಿ ಇದಕ್ಕೆ ಪೇಟೆಂಟನ್ನು ಪಡೆದನು. ಕಾರಿನ ಮುಂಗಡೆಯ ಗಾಜು ಈ ಜಾತಿಯದು. ಇದು ಬಿರುಕು ಬಿಟ್ಟರೂ ಚೂರುಗಳು ಪೊರೆಗೆ ಅಂಟಿಕೊಂಡು ನಿಲ್ಲುತ್ತವೆ. ಮಾಡಿನ ಗಾಜಾದರೋ ಕೆಲವು ಕಾರುಗಳಲ್ಲಿ ಹದಗಾಜು, ಕೆಲವುಗಳಲ್ಲಿ ಪದರಗಾಜು. ತಿಳಿಯುವುದು ಹೇಗೆಂದರೆ, ಗಾಜಿನ ಮೂಲೆಯಲ್ಲಿ ಅಚ್ಚಾಗಿರುವ ಸಣ್ಣ ಮುದ್ರೆಯಲ್ಲಿ ಅದರ ಜಾತಿಯ ಸೂಚನೆ ಇರುತ್ತದೆ. ಅಂಚು ಕಣ್ಣಿಗೆ ಕಾಣುವಂತಿದ್ದರೆ ಪದರಗಾಜಿನಲ್ಲಿ ಎರಡು ಗಾಜುಗಳ ನಡುವಿನ ಗೆರೆ ಕಾಣಿಸುತ್ತದೆ. ಸಂಶಯವುಳಿದರೆ ಮಾರಿದವರನ್ನು ಕೇಳಿ ತಿಳಿಯತಕ್ಕದ್ದು. ತಿಳಿಯುವವರೆಗೆ ಹದಗಾಜೆಂದೇ ಭಾವಿಸಿ ನಡೆಯುವುದು ಕ್ಷೇಮ.

ಇನ್ನು ಪರೀಕ್ಷೆಯ ಕ್ರಮ. ನಮ್ಮ ವೈದ್ಯಶಾಸ್ತ್ರವು ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಭಾಗಿಸುತ್ತದೆ. ಗುಣವಾಗತಕ್ಕದ್ದು ಸಾಧ್ಯ, ಗುಣವಾಗದಿದ್ದರೂ ಪಥ್ಯದಿಂದ ಹಿಡಿತದಲ್ಲಿಡಬಹುದಾದದ್ದು ಯಾಪ್ಯ, ಚಿಕಿತ್ಸೆಗೆ ಮೀರಿದ್ದು ಅಸಾಧ್ಯ. ಈ ವಿಭಾಗವು ನಮ್ಮ ಪ್ರಕೃತ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ.

ಮೊದಲು ಸಾಧ್ಯವಾದುವು. ಮಳೆ ಬಂದಾಗ ಒಳಗೆ ನೀರು ತೊಟ್ಟಿಕ್ಕಿದ ಮಾತ್ರಕ್ಕೆ ಗಾಜು ಕೆಟ್ಟಿತೆಂದು ತಿಳಿಯಬಾರದು. ಸರಿಯುವ ಮಾಡಿನ ಗಾಜಿನ ಸುತ್ತಲೂ ಒಂದು ದೋಣಿ ಇದ್ದು, ಅದರ ಮೂಲೆಗಳಿಂದ ಹೊರಟ ಸಣ್ಣ ಕೊಳವೆಗಳು ಕಂಬಗಳೊಳಗಿಂದ ಇಳಿದು ಕಾರಿನ ಕೆಳಗೆ ನೀರನ್ನು ಬಿಡುತ್ತವೆ. ಮನೆಯ ಹರಿನಾಳಿಗೆಯಂತೆಯೇ ಇದು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂವಿನ ಎಸಳು, ಮಣ್ಣು ಸೇರಿ ಆ ಕೊಳವೆಗಳು ಕಟ್ಟಿಕೊಳ್ಳುತ್ತವೆ; ನೀರು ಹಿಂದಕ್ಕೆ ಉಕ್ಕಿ ಆಸನದ ಮೇಲೆ ಬೀಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ದಾರಿಯಲ್ಲಿ ಇದು ಅನುಭವಕ್ಕೆ ಬಾರದಿದ್ದರೇ ಆಶ್ಚರ್ಯ. ಗಾಜನ್ನು ತೆರೆದು ಮೂಲೆಗೆ ಒಂದು ಲೋಟ ನೀರನ್ನು ಮೆಲ್ಲನೆ ಹೊಯ್ದು, ಅದು ಕೆಳಗೆ ಹೊರಬರುವುದೋ ಇಲ್ಲವೋ ನೋಡಿದರೆ ನಿಜಾಂಶ ತಿಳಿಯುತ್ತದೆ. ಕೊಳವೆ ಶುದ್ಧಿ ಮಾಡಿಸಿದರೆ ಸಾಕು. ಗಾಜಿಗೆ ಹಣ ಸುರಿಯಬೇಕಾಗಿಲ್ಲ. ಉಗುರಿಗೆ ಸಿಕ್ಕದ ನವುರಾದ ಗೀಚುಗಳೂ ಈ ವರ್ಗಕ್ಕೇ ಸೇರಿದುವು.

ಎರಡನೆಯದಾಗಿ ಯಾಪ್ಯವಾದುವು. ಪದರಗಾಜಿನ ಹೊರಗಿನ ಪದರದಲ್ಲಿ ಮಾತ್ರ, ಅಂಚಿನಿಂದ ದೂರದಲ್ಲಿ ಒಂದು ಸಣ್ಣ ಕುಳಿಯೋ ಗಿಡ್ಡ ಬಿರುಕೋ ಇದ್ದರೆ ಕೆಲವು ದಿನ ಕಾಯಬಹುದು. ನುರಿತವರು ಅದಕ್ಕೆ ರಾಳವನ್ನು ತುಂಬಿ ಸರಿಪಡಿಸುವುದೂ ಉಂಟು. ಕಾಯುವಾಗ ಮಾಡತಕ್ಕದ್ದೇನೆಂದರೆ, ಬಿರುಕಿನ ಎರಡು ತುದಿಗಳಲ್ಲಿಯೂ ಅಳಿಸದ ಶಾಯಿಯಿಂದ ಗುರುತು ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನವನ್ನು ಬರೆದಿಡುವುದು. ವಾರಕ್ಕೊಮ್ಮೆ ನೋಡಬೇಕು. ಬಿರುಕು ಗುರುತನ್ನು ದಾಟಿತೋ, ಆ ದಿನವೇ ಅದು ಯಾಪ್ಯದಿಂದ ಅಸಾಧ್ಯಕ್ಕೆ ಸಂದಿತು. ಪದರಗಾಜಿನ ಅಂಚು ಹಾಲಿನಂತೆ ಬೆಳ್ಳಗಾಗುತ್ತ ಬಂದರೆ ಒಳಗಿನ ಬೆಸುಗೆ ಬಿಡುತ್ತಿದೆಯೆಂದು ಅರ್ಥ. ತಕ್ಷಣದ ಅಪಾಯವಿಲ್ಲದಿದ್ದರೂ ಮಳೆಗಾಲಕ್ಕೆ ಮುಂಚೆ ತೋರಿಸುವುದು ಲೇಸು.

ಮೂರನೆಯದಾಗಿ ಅಸಾಧ್ಯವಾದುವು, ಎಂದರೆ ಬದಲಾವಣೆಯ ಹೊರತು ಬೇರೆ ಗತಿಯಿಲ್ಲದುವು. ಹದಗಾಜಿನಲ್ಲಿ ಬಿರುಕೆಂಬುದು ಯಾವ ಅಳತೆಯದಾದರೂ ಸರಿ; ಉಗುರಿಗೆ ಸಿಕ್ಕುವ ಕುಳಿ, ಅದರಲ್ಲಿಯೂ ಅಂಚಿನ ಬಳಿಯ ಕುಳಿ; ಜೇನುಗೂಡಿನಂತೆ ಒಡೆದರೂ ಒಂದಕ್ಕೊಂದು ಕಚ್ಚಿಕೊಂಡು ನಿಂತಿರುವ ಗಾಜು; ಪದರಗಾಜಿನಲ್ಲಿ ಒಳಗೂ ಹೊರಗೂ ಕೈಗೆ ತಗಲುವ ಬಿರುಕು, ಅಂಚನ್ನು ಮುಟ್ಟಿದ ಬಿರುಕು, ಒಳಗೆ ಪುಡಿ ಉದುರಿಸುವ ಬಿರುಕು; ಚೌಕಟ್ಟಿನಿಂದ ಸಡಿಲಾಗಿ ಗಡಗಡಿಸುವ ಗಾಜು. ಇವುಗಳಲ್ಲಿ ಒಂದು ಕಂಡರೂ ಅಡಿಕೆಯ ಧಾರಣೆಯನ್ನು ಕಾಯತಕ್ಕದ್ದಲ್ಲ. ಹದಗಾಜಿಗೆ ರಾಳ ತುಂಬಿಸಿ ಉಳಿಸುವೆವೆಂಬ ಮಾತಿಗೂ ಕಿವಿಗೊಡಬಾರದು. ಒಳಗೆ ಸೆಳೆತವನ್ನಿಟ್ಟುಕೊಂಡಿರುವ ಗಾಜಿಗೆ ತೇಪೆ ಹತ್ತುವುದಿಲ್ಲ.

ಇದು ಬರಿಯ ಪಾಂಡಿತ್ಯದ ಮಾತಲ್ಲವೆಂಬುದಕ್ಕೆ ನಮ್ಮ ಆಪ್ತರೊಬ್ಬರ ವೃತ್ತಾಂತವೇ ಸಾಕ್ಷಿ. ಅವರ ಕಾರಿನ ಮಾಡಿನ ಗಾಜಿಗೆ ಲಾರಿಯಿಂದ ಸಿಡಿದ ಜಲ್ಲಿಯೊಂದು ತಗುಲಿ, ಅಂಚಿನಲ್ಲಿ ಎಳ್ಳಿನ ಕಾಳಿನಷ್ಟು ಕುಳಿಯಾಗಿದ್ದಿತು. ಕೊಯ್ಲಿನ ಕಾಲ, ಕೈಯಲ್ಲಿ ಹಣವಿರಲಿಲ್ಲ, ಬಿಡುವೂ ಇರಲಿಲ್ಲ. ಎರಡು ತಿಂಗಳು ಏನೂ ಆಗಲಿಲ್ಲ. ಆಗಲಿಲ್ಲವೆಂಬುದೇ ಅವರಿಗೆ ಆಗುವುದಿಲ್ಲವೆಂಬುದಕ್ಕೆ ಪ್ರಮಾಣವಾಯಿತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಉಪನಯನದ ಊಟ ಮುಗಿಸಿ, ಬಿಸಿಲಿನಲ್ಲಿ ನಿಂತು ಕಾದಿದ್ದ ಕಾರನ್ನೇರಿ ಸಾಗರದಿಂದ ಹೊಸನಗರದ ಕಡೆಗೆ ಹೊರಟರು. ಬಟ್ಟೆಮಲ್ಲಪ್ಪದ ಸಮೀಪದಲ್ಲಿ ಚಕ್ರವು ಒಂದು ಗುಂಡಿಗೆ ಇಳಿದದ್ದೇ ತಡ, ಕೋವಿ ಹಾರಿದಂತೆ ಸದ್ದಾಗಿ ಗಾಜು ಸಿಡಿಯಿತು. ಹಿಂದಿನ ಆಸನದಲ್ಲಿ ಇಬ್ಬರು ಮೊಮ್ಮಕ್ಕಳು ನಿದ್ದೆ ಮಾಡುತ್ತಿದ್ದರು. ಪುಣ್ಯವಶಾತ್ ಒಳಗಿನ ಪರದೆ ಮುಚ್ಚಿದ್ದುದರಿಂದ ಹರಳುಗಳು ಅದರ ಮೇಲೆಯೇ ನಿಂತುವು. ಕಾರು ನಡೆಸುತ್ತಿದ್ದ ಮಗನು ಬೆಚ್ಚಿ ರಸ್ತೆಯ ಆಚೆಯ ಬದಿಗೆ ಹೊರಳಿಸಿದಾಗ ಎದುರಿನಿಂದ ಬಸ್ಸು ಬರುತ್ತಿರಲಿಲ್ಲ. ಗಾಜಿನ ಹರಳಿಗಿಂತಲೂ ಆ ಬೆಚ್ಚುವಿಕೆಯೇ ಹೆಚ್ಚಿನ ಅಪಾಯವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಹುಲಿಕಲ್ ಘಾಟಿಯ ತಿರುವಿನಲ್ಲಿಯೋ ಆಗುಂಬೆಯ ಹದಿನಾಲ್ಕು ಸುತ್ತುಗಳಲ್ಲಿ ಒಂದರಲ್ಲಿಯೋ ಹೀಗಾಗಿದ್ದರೆ ಗತಿಯೇನು?

ನಮ್ಮ ಊರುಗಳಲ್ಲಿ ಇನ್ನೊಂದು ತೊಡಕಿದೆ. ಬೇಕಾದ ಗಾಜು ಊರಿನ ಅಂಗಡಿಯಲ್ಲಿ ದೊರೆಯುವುದು ಅಪರೂಪ. ಶಿವಮೊಗ್ಗೆಯಂತಹ ಪಟ್ಟಣಕ್ಕೆ ಹೇಳಿಕಳುಹಿಸಿ, ಬರುವವರೆಗೆ ಕಾಯಬೇಕಾಗುತ್ತದೆ. ಆದಕಾರಣ ದೋಷ ಕಂಡ ದಿನವೇ ಹೇಳಿಕಳುಹಿಸತಕ್ಕದ್ದು. ನಡುವಣ ಕಾಲದ ಪಥ್ಯವು ಹೀಗೆ: ಗಾಜನ್ನು ತೆರೆಯುವ, ಮುಚ್ಚುವ ಗುಂಡಿಯನ್ನು ಮುಟ್ಟಬಾರದು. ಒಳಗಿನ ಪರದೆಯನ್ನು ಸದಾ ಎಳೆದಿರಬೇಕು. ಮಕ್ಕಳನ್ನು ಅದರ ಕೆಳಗೆ ಕೂರಿಸಬಾರದು. ಸಾಧ್ಯವಾದರೆ ಆ ಕಾರನ್ನೇ ಹೊರಡಿಸಬಾರದು. ನಡುಹಗಲಿನ ಬಿಸಿಲಿನಲ್ಲಿ ನಿಲ್ಲಿಸಬಾರದು, ಕಾದ ಗಾಜಿನ ಮೇಲೆ ತಣ್ಣೀರನ್ನು ಎರಚಬಾರದು. ಬಾಗಿಲು ಹಾಕುವಾಗ ಪಕ್ಕದ ಕಿಟಕಿಯನ್ನು ಬೆರಳಗಲ ಇಳಿಸಿದರೆ ಒಳಗಿನ ಗಾಳಿಯ ಒತ್ತಡವು ಗಾಜನ್ನು ತಟ್ಟುವುದಿಲ್ಲ.

ದಾರಿಯಲ್ಲಿ ಸಿಡಿದೇಬಿಟ್ಟರೆ ತಟ್ಟನೆ ತಡೆಯನ್ನೊತ್ತದೆ, ಚಕ್ರವನ್ನು ಭದ್ರವಾಗಿ ಹಿಡಿದು, ಮೆಲ್ಲನೆ ಬದಿಗೆ ತಂದು ನಿಲ್ಲಿಸಬೇಕು. ಪರದೆಯನ್ನು ತೆರೆದು ನೋಡುವ ಕುತೂಹಲ ಕೂಡದು. ಮಕ್ಕಳನ್ನು ಪಾದರಕ್ಷೆಯೊಡನೆ ಇಳಿಸಿ, ಮೈಯನ್ನು ಕೈಯಿಂದ ಒರೆಸದೆ ಬಟ್ಟೆಯನ್ನು ಕೊಡವಬೇಕು. ಮಳೆ ಬರುವಂತಿದ್ದರೆ ಅಡಿಕೆ ಒಣಗಿಸುವ ತಾಡಪಾಲಿನಂತಹ ದಪ್ಪ ಹಾಳೆಯನ್ನು ಮೇಲೆ ಬಿಗಿದು ನಿಧಾನವಾಗಿ ಮನೆ ಸೇರಬಹುದು. ದೂರದ ಪ್ರಯಾಣ ಬೇಡ.

ವಿಮೆಯ ವಿಷಯದಲ್ಲಿ ಎರಡು ಮಾತು. ಸಮಗ್ರ ವಿಮೆಯಿದ್ದರೆ, ಒಡೆದ ಗಾಜನ್ನು ತೆಗೆಯಿಸುವ ಮೊದಲೇ ಚಿತ್ರಗಳನ್ನು ತೆಗೆದು ಕಂಪೆನಿಗೆ ತಿಳಿಸಬೇಕು. ರೂಢಿಯ ನಿಯಮದಂತೆ ರಬ್ಬರು, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಸವಕಳಿಯೆಂದು ನೂರಕ್ಕೆ 50ರಷ್ಟು ಕಳೆಯುತ್ತಾರೆ. ಗಾಜಿಗೆ ಸವಕಳಿಯ ಕಡಿತವಿಲ್ಲ. ಆದರೆ ಪರಿಹಾರ ಪಡೆದರೆ, ವಿಮೆಯನ್ನು ಬಳಸದವರಿಗೆ ಮೊದಲ ವರ್ಷಕ್ಕೆ ನೂರಕ್ಕೆ 20ರಿಂದ ಆರಂಭವಾಗಿ 50ರವರೆಗೂ ಏರುವ ರಿಯಾಯಿತಿಯು ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಎರಡನ್ನೂ ಕೂಡಿಸಿ ಕಳೆದು ಲೆಕ್ಕ ನೋಡಿದ ಮೇಲೆ ಕೈಯಿಂದ ಕೊಡುವುದೋ ವಿಮೆಯಿಂದ ಪಡೆಯುವುದೋ ನಿಶ್ಚಯಿಸಬೇಕು. ಬದಲಿಸುವುದೋ ಬೇಡವೋ ಎಂಬ ನಿಶ್ಚಯ ಮಾತ್ರ ಈ ಲೆಕ್ಕಕ್ಕೆ ಕಾಯತಕ್ಕದ್ದಲ್ಲ.

ಹೊಸ ಗಾಜು ಕೂರಿಸಿದ ಮೇಲೆ ಯಜಮಾನನು ತಾನೇ ನಿಂತು ನೋಡತಕ್ಕ ಅಂಶಗಳು ನಾಲ್ಕು: ಮೂಲೆಯ ಮುದ್ರೆ ಹಳೆಯ ಗಾಜಿನ ಜಾತಿಯನ್ನೇ ಸೂಚಿಸುವುದೆ, ಹಳಿಗಳಲ್ಲಿ ಒಡೆದ ಹರಳುಗಳು ಉಳಿಯದೆ ಹೀರಿ ತೆಗೆಯಲ್ಪಟ್ಟಿವೆಯೆ, ಗಾಜು ಸರಿದು ಮುಚ್ಚುವಾಗ ಸಮವಾಗಿ ಕೂರುವುದೆ, ಮೇಲೆ ನೀರು ಹೊಯ್ದರೆ ಒಳಗೆ ಒಣಗಿಯೇ ಇರುವುದೆ. ಅಂಟಿನಿಂದ ಕೂರಿಸಿದ ಗಾಜಾದರೆ, ಅಂಟು ಗಟ್ಟಿಯಾಗುವವರೆಗೆ ಕೆಲಸಗಾರರು ಹೇಳಿದಷ್ಟು ಹೊತ್ತು ಕಾರನ್ನು ಕದಲಿಸಬಾರದು.

ಗೃಹಸ್ಥನಿಗೆ ಮಿತವ್ಯಯವು ಭೂಷಣವೇ ಸರಿ. ಆದರೆ ಮಿತವ್ಯಯವೆಂದರೆ ಕೊಡಬೇಕಾದುದನ್ನು ಮುಂದೆ ಹಾಕುವುದಲ್ಲ, ಕೊಡಬೇಕಾಗಿಲ್ಲದುದನ್ನು ಕೊಡದಿರುವುದು. ಕಟ್ಟಿಕೊಂಡ ಕೊಳವೆಗಾಗಿ ಗಾಜನ್ನು ಬದಲಿಸುವವನೂ, ಅಂಚು ಕುಳಿಬಿದ್ದ ಗಾಜಿನ ಕೆಳಗೆ ಮಕ್ಕಳನ್ನು ಕೂರಿಸುವವನೂ ಇಬ್ಬರೂ ಲೆಕ್ಕ ತಪ್ಪಿದವರೇ. ಮೃಗಶಿರಾ ಮಳೆ ಹಿಡಿಯುವ ಮುಂಚೆ, ಹೆಂಚು ಕೈಯಾಡಿಸಲು ಏಣಿ ಹಾಕಿದ ದಿನವೇ, ಅಂಗಳದಲ್ಲಿ ನಿಂತಿರುವ ಕಾರಿನ ಮಾಡನ್ನೂ ಒಮ್ಮೆ ಉಗುರಿನಿಂದ ಸವರಿ ನೋಡುವ ಪದ್ಧತಿಯನ್ನು ಪ್ರತಿ ಮನೆಯವರೂ ಇಟ್ಟುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.