ರೂಮಿನ ರೇಟು ಇಳಿಸಿ ಅಂತ ಕೇಳಿ, ಸುಳ್ಳು ಹೇಳಿ ಕೇಳಬೇಡಿ

ತರಕಾರಿ ಗಾಡಿಯವನ ಹತ್ತಿರ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಇಳಿಸು ಅಂತ ವಾದಿಸುವ ನಾವು, ಹೋಟೆಲ್‌ನಲ್ಲಿ ರೂಮು ಹಿಡಿಯುವಾಗ ಮಾತ್ರ ಬಾಯಿ ಬಿಡುವುದಿಲ್ಲ. ‘ಕೇಳಿದ್ರೆ ಏನಂದ್ಕೋತಾರೋ’ ಅನ್ನುವ ಸಂಕೋಚ. ಇನ್ನು ಕೆಲವರು ಪೂರ್ತಿ ಉಲ್ಟಾ. ಇಲ್ಲದ ಕಥೆ ಕಟ್ಟಿ, ಹೆದರಿಸಿ ಕಡಿಮೆ ಮಾಡಿಸಿಕೊಳ್ಳುತ್ತಾರೆ. ಎರಡೂ ಬೇಡ. ಕೇಳುವುದು ನಿಮ್ಮ ಹಕ್ಕು, ಆದರೆ ಅದಕ್ಕೂ ಒಂದು ರೀತಿ ಇದೆ.

ಯಾವಾಗ ಕೇಳಬೇಕು?

ಪಟ್ಟಂದೂರು ಅಗ್ರಹಾರ, ಐಟಿಪಿಎಲ್ ಸುತ್ತಲಿನ ದೊಡ್ಡ ಹೋಟೆಲ್‌ಗಳನ್ನೇ ನೋಡಿ. ಕಂಪನಿ ಕೆಲಸಕ್ಕೆ ಬರುವವರೇ ಇವುಗಳ ಮುಖ್ಯ ಗಿರಾಕಿಗಳು. ವಾರದ ದಿನಗಳಲ್ಲಿ ಬೇಡಿಕೆ ಜಾಸ್ತಿ, ಶನಿವಾರ-ಭಾನುವಾರ ಕಡಿಮೆ. ರಾತ್ರಿ ಖಾಲಿ ಉಳಿದ ರೂಮನ್ನು ಮಾರನೇ ದಿನ ಮಾರೋಕಾಗುತ್ತಾ? ಹಾಗಾಗಿ ವಾರದ ಕೊನೆಗೆ ಕೇಳಿದರೆ ಅವರಿಗೂ ಲಾಭ. 2023ರಲ್ಲಿ ಮೆಟ್ರೊ ನೇರಳೆ ಮಾರ್ಗ ಪೂರ್ತಿಯಾದ ಮೇಲೆ, ಇಂದಿರಾನಗರದ ಮದುವೆಗೆ ಬಂದ ನೆಂಟರನ್ನು ಇಲ್ಲಿ ಉಳಿಸಿದರೂ ನಡೆಯುತ್ತದೆ. ಆದರೆ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಂಥ ದಿನಗಳಲ್ಲಿ ನಗರದ ಹೋಟೆಲ್‌ಗಳಿಗೆ ನೂಕುನುಗ್ಗಲು. ಆಗ ಚೌಕಾಸಿಗೆ ಇಳಿದರೆ ಸಮಯ ದಂಡ.

ನೇರವಾಗಿ ಫೋನ್ ಮಾಡಿ

ಬುಕಿಂಗ್ ಆ್ಯಪ್‌ನಲ್ಲಿ ರೂಮು ಹಿಡಿದರೆ ಹೋಟೆಲ್‌ನವರು ಆ ಕಂಪನಿಗೆ ಕಮಿಷನ್ ಕೊಡಬೇಕು. ‘ಆ್ಯಪ್‌ನಲ್ಲಿ ಇಷ್ಟಿದೆ, ನೇರವಾಗಿ ಬುಕ್ ಮಾಡಿದರೆ ಎಷ್ಟಕ್ಕೆ ಕೊಡ್ತೀರಿ?’ ಅಂತ ಕೇಳುವುದು ಖಂಡಿತ ತಪ್ಪಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊ ಸಂಸ್ಥೆಗೆ 223.48 ಕೋಟಿ ರೂಪಾಯಿ ದಂಡ ಹಾಕಿತ್ತು. ನಮಗಿಂತ ಕಡಿಮೆ ದರಕ್ಕೆ ಬೇರೆ ಕಡೆ ರೂಮು ಮಾರಬಾರದು ಎಂದು ಹೋಟೆಲ್‌ಗಳಿಗೆ ಷರತ್ತು ಹಾಕುತ್ತಿದ್ದುದು ಅದಕ್ಕೆ ಒಂದು ಕಾರಣ. ನಿಮ್ಮ ಒಂದು ಫೋನ್ ಕರೆಯ ಹಿಂದೆ ಇಷ್ಟು ದೊಡ್ಡ ವಿಷಯ ಇದೆ!

ನೂರು ರೂಪಾಯಿಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅದಕ್ಕಿಂತ ಮೇಲಿದ್ದರೆ ಶೇ 18. ಈಗ ಲೆಕ್ಕ ಹಾಕಿ. 7,600ರ ರೂಮಿಗೆ ತೆರಿಗೆ ಸೇರಿ 8,968 ರೂಪಾಯಿ. ಅದೇ ರೂಮು 7,500ಕ್ಕೆ ಸಿಕ್ಕರೆ 7,875. ಅವರು ಇಳಿಸಿದ್ದು ನೂರು, ನಿಮಗೆ ಉಳಿದದ್ದು 1,093! ಕಡಿಮೆ ತೆರಿಗೆಯ ರೂಮಿಗೆ ಹೋಟೆಲ್‌ನವರಿಗೆ ತಾವು ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶ ಇರುವುದಿಲ್ಲ. ಹಾಗಾಗಿ ಒಪ್ಪದೆಯೂ ಇರಬಹುದು. ಕೇಳಿ ನೋಡುವುದರಲ್ಲಿ ನಷ್ಟವೇನಿಲ್ಲ. ಆದರೆ ‘ಬಿಲ್ ಬೇಡ, ಕ್ಯಾಶ್ ಕೊಡ್ತೀನಿ, ಟ್ಯಾಕ್ಸ್ ಬಿಡಿ’ ಅನ್ನಬೇಡಿ. ಮೊದಲನೆಯದು ಜಾಣತನ, ಎರಡನೆಯದು ತೆರಿಗೆ ಕಳ್ಳತನ. ಮೇಲಾಗಿ ರೂಮಿನಲ್ಲಿ ಏನಾದರೂ ತೊಂದರೆಯಾದರೆ ದೂರು ಕೊಡಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಆಸ್ಪತ್ರೆಯ ನೆಪ ಬೇಡ

ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಗೆ, ವೈದೇಹಿ ಆಸ್ಪತ್ರೆಗೆ ದೂರದ ಊರುಗಳಿಂದ ಜನ ಬರುತ್ತಾರೆ. ರೋಗಿಯ ಜೊತೆ ಬಂದವರು ಚಿಕ್ಕ ಲಾಡ್ಜ್‌ಗಳಲ್ಲಿ ದಿನಗಟ್ಟಲೆ ಉಳಿಯಬೇಕಾಗುತ್ತದೆ. ಅಂಥವರು ಸಂಕೋಚ ಬಿಟ್ಟು, ಎಷ್ಟು ದಿನ ಇರಬೇಕಾಗಬಹುದು ಎಂದು ಹೇಳಿ, ವಾರದ ರೇಟು ಕೇಳಲೇಬೇಕು. ಆದರೆ ಮದುವೆಗೋ ಶಾಪಿಂಗಿಗೋ ಬಂದವರು ‘ಅತ್ತೆಗೆ ಆಪರೇಷನ್’ ಅಂತ ಹೇಳಿ ಮುನ್ನೂರು ರೂಪಾಯಿ ಉಳಿಸಿದರೆ? ಹೀಗೆ ಎರಡು ಸಲ ಮೋಸಹೋದ ಲಾಡ್ಜಿನವನು ಮೂರನೇ ಸಲ ಯಾರನ್ನೂ ನಂಬುವುದಿಲ್ಲ. ಅಷ್ಟೊತ್ತಿಗೆ ನಿಜವಾಗಿ ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬಂದ ಹೆಣ್ಣುಮಗಳು ಅವನ ಮುಂದೆ ನಿಂತಿರುತ್ತಾಳೆ. ನೀವು ಉಳಿಸಿದ ಮುನ್ನೂರನ್ನು ಅವಳು ತೆರಬೇಕಾಗುತ್ತದೆ.

ಇವು ನೆನಪಿರಲಿ

* ಹತ್ತು ರೂಮು ಹಿಡಿಯುತ್ತೇವೆ ಅಂತ ರೇಟು ಇಳಿಸಿಕೊಂಡು, ಕೊನೆಗೆ ಆರೇ ಸಾಕು ಅನ್ನಬೇಡಿ. ಉಳಿದ ನಾಲ್ಕನ್ನು ಅವರು ಬೇರೆಯವರಿಗೆ ಕೊಡದೆ ಇಟ್ಟಿರುತ್ತಾರೆ.

* ಯಜಮಾನರ ಕಂಪನಿಯ ರೇಟು ಸ್ವಂತ ಪ್ರವಾಸಕ್ಕೂ ಸಿಗುತ್ತದೆಯೇ ಎಂದು ಮೊದಲು ಕಂಪನಿಯಲ್ಲೇ ವಿಚಾರಿಸಿ. ಸುಮ್ಮನೆ ಐಡಿ ಕಾರ್ಡ್ ತೋರಿಸಿದರೆ ನಾಳೆ ಉತ್ತರ ಕೊಡಬೇಕಾದವರು ಅವರು.

* ‘ಕಡಿಮೆ ಮಾಡದಿದ್ದರೆ ಕೆಟ್ಟ ರಿವ್ಯೂ ಬರೀತೀನಿ’ ಅನ್ನುವುದು ಚೌಕಾಸಿಯಲ್ಲ, ಬೆದರಿಕೆ.

* ಕೌಂಟರಿನಲ್ಲಿ ನಿಂತ ಹುಡುಗಿಗೆ ರೇಟು ಇಳಿಸುವ ಅಧಿಕಾರ ಇರುವುದು ಕಡಿಮೆ. ಅವಳ ಮೇಲೆ ಕೂಗಾಡಬೇಡಿ, ‘ಮ್ಯಾನೇಜರ್ ಹತ್ತಿರ ಒಂದು ಮಾತು ಕೇಳ್ತೀಯಾಮ್ಮಾ?’ ಅನ್ನಿ.

* ರೇಟು ಇಳಿಯದಿದ್ದರೆ ಬೆಳಗಿನ ತಿಂಡಿ ಸೇರಿಸಿ ಕೊಡ್ತೀರಾ, ಎರಡು ಗಂಟೆ ತಡವಾಗಿ ರೂಮು ಖಾಲಿ ಮಾಡಬಹುದಾ ಅಂತ ಕೇಳಿ.

ಒಮ್ಮೆ ಕೇಳಿ, ನಗುನಗುತ್ತಾ ಕೇಳಿ. ‘ಆಗಲ್ಲ ಮೇಡಂ’ ಅಂದರೆ ಅಷ್ಟಕ್ಕೇ ಬಿಡಿ, ಇಷ್ಟವಿದ್ದರೆ ಉಳಿಯಿರಿ, ಇಲ್ಲದಿದ್ದರೆ ಪಕ್ಕದ ಹೋಟೆಲ್ ನೋಡಿ. ಅವರಿಗೆ ಇಲ್ಲ ಅನ್ನುವ ಹಕ್ಕಿದೆ, ನಿಮಗೆ ಎದ್ದು ಹೋಗುವ ಹಕ್ಕಿದೆ.