ಎರಡು ಸಲ ಬರೆದ ದುಡ್ಡು

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ಮನೆಗೆ ಹೋಗುವ ಹಾಗಿರಲಿಲ್ಲ. ಕಂಪ್ಯೂಟರ್ ಬರುವ ಮುಂಚಿನ ಮಾತು. ದಪ್ಪ ಲೆಡ್ಜರ್‌ಗಳನ್ನು ಹರಡಿಕೊಂಡು, ಕೆಂಪು ಪೆನ್ಸಿಲ್ ಹಿಡಿದು, ರಾತ್ರಿ ಎಂಟರವರೆಗೂ ತಪ್ಪು ಹುಡುಕಿದ್ದುಂಟು. ಕೊನೆಗೆ ಸಿಕ್ಕುತ್ತಿದ್ದ ತಪ್ಪು ಹೆಚ್ಚಾಗಿ ಎರಡೇ ಬಗೆ. ಒಂದೋ ಒಂದು ಮೊತ್ತವನ್ನು ಎರಡು ಸಲ ಬರೆದಿರುತ್ತಿದ್ದೆವು, ಇಲ್ಲವೇ ಒಂದನ್ನು ಬರೆಯುವುದನ್ನೇ ಮರೆತಿರುತ್ತಿದ್ದೆವು. ಕಳೆದ ವರ್ಷ ಈ ಎರಡೂ ತಪ್ಪು ಒಂದೇ ಹಾಳೆಯಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಬಂದು ಕುಳಿತವು.

ಹಾಳೆ ಬರೆದವಳು ನನ್ನ ಮಗಳ ಮಗಳು ಪುಟ್ಟಿ. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಜರ್ಮನಿಯ ಡ್ರೆಸ್ಡೆನ್ ಎಂಬ ಊರಿನಲ್ಲಿ ಓದುವ ಅವಕಾಶ ಅವಳಿಗೆ ಸಿಕ್ಕಿತು. ಇದಕ್ಕೆ ವಿನಿಮಯ ಸೆಮಿಸ್ಟರ್ ಎನ್ನುತ್ತಾರೆ. ಇಲ್ಲಿಯ ಕಾಲೇಜಿಗೂ ಅಲ್ಲಿಯ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಇರುತ್ತದೆ. ಫೀಸನ್ನು ಎಂದಿನಂತೆ ಇಲ್ಲೇ ಕಟ್ಟಬೇಕು, ಅಲ್ಲಿ ಪಾಠಕ್ಕೆ ಬೇರೆ ಫೀಸು ಕೇಳುವುದಿಲ್ಲ.

ಒಂದು ಭಾನುವಾರ ಅವಳು ಮೈಸೂರಿಗೆ ಬಂದು ಊಟವಾದ ಮೇಲೆ ಹೇಳಿದಳು: “ತಾತ, ನಾನು ಹೋಗಲ್ಲ ಅಂತ ಕಾಲೇಜಿಗೆ ಬರೆದುಬಿಡ್ತೀನಿ. ಹನ್ನೆರಡು ಲಕ್ಷ ಆಗುತ್ತೆ. ಅಪ್ಪನ ಹತ್ತಿರ ಅಷ್ಟಿಲ್ಲ.”

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಒಳಗೊಳಗೇ ಸಮಾಧಾನವಾಯಿತು. ಇಪ್ಪತ್ತರ ಹುಡುಗಿ, ಗುರುತಿಲ್ಲದ ಊರು, ಚಳಿ. ಜೊತೆಗೆ ನಮ್ಮಾಕೆಯ ಹೆಸರಿನಲ್ಲಿ ಒಂದು ಠೇವಣಿ ಇತ್ತು, ಐದು ಲಕ್ಷದ್ದು. ಅವಳ ಮೊಣಕಾಲಿನ ಆಪರೇಷನ್‌ಗೆಂದು ಇಟ್ಟದ್ದು. ಎಲ್ಲಿ ಅದರ ಮಾತು ಬರುತ್ತದೋ ಎಂಬ ಹೆದರಿಕೆಯೂ ಇತ್ತು. “ಆಯ್ತು ಬಿಡಮ್ಮ” ಎಂದುಬಿಡುತ್ತಿದ್ದೆ. ಆದರೆ ಲೆಕ್ಕದ ಹಾಳೆ ಕಣ್ಣೆದುರಿಗಿದ್ದರೆ ಓದದೆ ಬಿಡುವುದು ನನ್ನಿಂದ ಆಗದು. ಕನ್ನಡಕ ಹಾಕಿಕೊಂಡೆ.

ಹಾಳೆಯಲ್ಲಿ ಇದ್ದದ್ದು ಇಷ್ಟು. ಲೆಕ್ಕ ಸುಲಭವಾಗಲೆಂದು ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿದಿದ್ದಳು.

ಬ್ಲಾಕ್ಡ್ ಅಕೌಂಟ್: 5,95,200
ಆರು ತಿಂಗಳ ಊಟ, ಬಾಡಿಗೆ, ಇತರೆ: 5,40,000
ವಿಮಾನ, ಹೋಗಿ ಬರಲು: 80,000
ವೀಸಾ ಶುಲ್ಕ, 75 ಯೂರೋ: 7,500
ಒಟ್ಟು: 12,22,700

“ಈ ಮೊದಲನೇದು ಏನಮ್ಮ?” ಎಂದೆ. ಪುಟ್ಟಿ ವಿವರಿಸಿದಳು. ಜರ್ಮನಿಗೆ ಓದಲು ಬರುವವರು ಅಲ್ಲಿ ಬದುಕಲು ಬೇಕಾದ ದುಡ್ಡು ತಮ್ಮಲ್ಲಿದೆ ಎಂದು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಆರು ತಿಂಗಳಾದರೆ 5,952. ಈ ದುಡ್ಡನ್ನು ಒಂದು ವಿಶೇಷ ಖಾತೆಗೆ ಹಾಕಿ ಬೀಗ ಹಾಕಿದಂತೆ ಇಡುತ್ತಾರೆ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಬಿಡುಗಡೆ ಮಾಡುತ್ತಾರೆ.

“ಬಿಡುಗಡೆ ಮಾಡಿ ಯಾರಿಗೆ ಕೊಡ್ತಾರೆ?”

“ನನಗೇ, ತಾತ.”

“ಅದರಲ್ಲಿ ನೀನು ಏನು ಮಾಡ್ತೀಯ?”

“ಊಟ, ಬಾಡಿಗೆ...” ಎಂದವಳು ಅಲ್ಲೇ ನಿಂತಳು. ಪಕ್ಕದಲ್ಲಿ ಕೂತಿದ್ದ ಅವಳ ತಮ್ಮ ಚಿನ್ನು, ಆರನೇ ಕ್ಲಾಸಿನವನು, ನಗಲು ಶುರುಮಾಡಿದ. “ಅಕ್ಕ ಒಂದೇ ದುಡ್ಡನ್ನ ಎರಡು ಸಲ ಬರೆದಿದ್ದಾಳೆ!”

ಅಷ್ಟೇ ಆಗಿದ್ದದ್ದು. ತೋರಿಸುವ ದುಡ್ಡೂ ಖರ್ಚು ಮಾಡುವ ದುಡ್ಡೂ ಒಂದೇ. ನಾನು ಕೆಂಪು ಪೆನ್ಸಿಲ್ ತರಿಸಿ ಎರಡನೇ ಸಾಲು ಹೊಡೆದು ಹಾಕಿದೆ. ಹನ್ನೆರಡು ಲಕ್ಷ ಹೋಗಿ 6,82,700 ಆಯಿತು. ಪುಟ್ಟಿಯ ಮುಖ ಅರಳಿತು. ನನಗಿದ್ದ ಸಮಾಧಾನ ಹೋಯಿತು.

ಆದರೆ ಎರಡನೇ ಬಗೆಯ ತಪ್ಪು ಇನ್ನೂ ಬಾಕಿ ಇತ್ತು. ಬರೆಯಲು ಮರೆತದ್ದು ಏನೇನು? ಆ ಸಂಜೆ ನಾವು ನಾಲ್ಕು ಜನ ಕೂತು ಪಟ್ಟಿ ಮಾಡಿದೆವು.

ಮೊದಲನೆಯದು, ಸೆಮಿಸ್ಟರ್ ವಂತಿಗೆ. ಪಾಠದ ಫೀಸು ಇಲ್ಲದಿದ್ದರೂ ವಿದ್ಯಾರ್ಥಿ ಸೇವೆಗಳಿಗೆ ಅಂತ ಅಲ್ಲಿ ಪ್ರತಿ ಸೆಮಿಸ್ಟರ್‌ಗೂ ಒಂದಿಷ್ಟು ಕಟ್ಟಬೇಕು. ಊರಿಂದೂರಿಗೆ ಮೊತ್ತ ಬೇರೆ. ಅನೇಕ ಕಡೆ ಬಸ್ಸು, ಟ್ರಾಮಿನ ಪಾಸೂ ಅದರಲ್ಲೇ ಸೇರಿರುತ್ತದೆ. ಇದಕ್ಕೆ 30,000 ಇಟ್ಟೆವು. ಎರಡನೆಯದು, ರೂಮಿನ ಮುಂಗಡ. ಅಲ್ಲಿಯ ಕಾನೂನಿನಂತೆ ಮನೆಯವರು ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ನಮ್ಮ ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟವರಿಗೆ ಇದು ಕೇಳಿದರೇ ಸಂತೋಷ! ಅದಕ್ಕೆ 50,000. ಮೂರನೆಯದು, ಬೆಚ್ಚನೆ ಕೋಟು, ಬೂಟು: 20,000. ನಾಲ್ಕನೆಯದು, ಹಣ ಕಳಿಸುವ ಮತ್ತು ಖಾತೆಯ ಶುಲ್ಕಗಳು: 15,000.

ಐದನೆಯದು ಬಹಳ ಜನ ಮರೆಯುವಂಥದ್ದು. ಬೀಗ ಹಾಕಿದ ಖಾತೆಯ ದುಡ್ಡು ವಿಮಾನ ಇಳಿದ ದಿನವೇ ಕೈಗೆ ಬರುವುದಿಲ್ಲ. ಮೊದಲು ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅಲ್ಲಿ ಒಂದು ಸಾಮಾನ್ಯ ಬ್ಯಾಂಕ್ ಖಾತೆ ತೆರೆಯಬೇಕು, ಆಮೇಲೆ ಮೊದಲ ಕಂತು. ಅಲ್ಲಿಯವರೆಗೆ ಕೈಯಲ್ಲಿ ಏನಾದರೂ ಇರಬೇಕಲ್ಲ? ಅದಕ್ಕೆ 70,000 ಬೇರೆ ಇಟ್ಟು, ಹೆಚ್ಚಿನದನ್ನು ಫಾರೆಕ್ಸ್ ಕಾರ್ಡಿಗೆ ತುಂಬಿಸಿ, ಸ್ವಲ್ಪ ಮಾತ್ರ ನೋಟಿನಲ್ಲಿ ಕೊಟ್ಟೆವು.

ಮರೆತದ್ದೆಲ್ಲ ಸೇರಿ 1,85,000. ಹೊರಡುವ ಮುಂಚೆ ಬೇಕಾದ ಒಟ್ಟು ಹಣ 8,67,700. ಇದರಲ್ಲಿ ಮುಂಗಡದ 50,000 ವಾಪಸ್ ಬರುವಂಥದ್ದು. ಕೈಖರ್ಚಿನ 70,000 ಮೊದಲ ಕಂತು ಬಂದಾಗ ತುಂಬಿಕೊಳ್ಳುವಂಥದ್ದು. ಆ 1,20,000 ಕಳೆದರೆ ನಿಜವಾದ ಖರ್ಚು 7,47,700. ಇನ್ನೊಂದು ಮಾತು: ಆ ಆರು ತಿಂಗಳು ಬೆಂಗಳೂರಿನ ಹಾಸ್ಟೆಲು, ಮೆಸ್ಸಿಗೆ ತಿಂಗಳಿಗೆ 12,000 ಕಟ್ಟುವ ಹಾಗಿಲ್ಲ. ಆ 72,000 ಉಳಿತಾಯ. ಆಗ 6,75,700. ಹನ್ನೆರಡು ಲಕ್ಷ ಎಲ್ಲಿ, ಇದೆಲ್ಲಿ?

ಚಿನ್ನು ಒಂದು ಒಳ್ಳೆಯ ಪ್ರಶ್ನೆ ಕೇಳಿದ: “ತಾತ, ಯೂರೋ 105 ರೂಪಾಯಿ ಆಗಿಬಿಟ್ರೆ?” ಅವನ ಕೈಯಿಂದಲೇ ಲೆಕ್ಕ ಹಾಕಿಸಿದೆ. 5,952ನ್ನು 5ರಿಂದ ಗುಣಿಸಿದರೆ 29,760 ರೂಪಾಯಿ ಹೆಚ್ಚು. ಅದಕ್ಕಾಗಿ ಅಳಿಯಂದಿರು 30,000 ಬೇರೆ ತೆಗೆದಿಟ್ಟರು. ಇನ್ನೊಂದು ಗಮನಿಸಿ. ಪೇಪರಿನಲ್ಲಿ ಬರುವ ದರಕ್ಕೆ ಬ್ಯಾಂಕು ನಮಗೆ ಯೂರೋ ಕೊಡುವುದಿಲ್ಲ. ಬ್ಯಾಂಕಿನ ಮಾರುವ ದರ ಸ್ವಲ್ಪ ಮೇಲಿರುತ್ತದೆ, ನೋಟಿನ ದರ ಇನ್ನೂ ಮೇಲೆ. ಎರಡು ಮೂರು ಕಡೆ ದರ ಕೇಳಿ, ಶುಲ್ಕವನ್ನೂ ಸೇರಿಸಿ ಹೋಲಿಸಿ ನೋಡಬೇಕು.

ನಾನು ಕೆಲಸಕ್ಕೆ ಸೇರಿದಾಗ 1973ರ ವಿದೇಶಿ ವಿನಿಮಯ ಕಾಯಿದೆಯ ಕಾಲ. ಹೊರದೇಶಕ್ಕೆ ದುಡ್ಡು ಕಳಿಸುವುದೆಂದರೆ ರಿಸರ್ವ್ ಬ್ಯಾಂಕಿನ ಅನುಮತಿಯ ದೊಡ್ಡ ಕಥೆ. 2004ರಲ್ಲಿ ರಿಸರ್ವ್ ಬ್ಯಾಂಕು ಒಬ್ಬರಿಗೆ ವರ್ಷಕ್ಕೆ 25,000 ಡಾಲರ್‌ವರೆಗೆ ಕಳಿಸಲು ಬಿಟ್ಟಿತು. ಈಗ ಆ ಮಿತಿ 2,50,000 ಡಾಲರ್. ಪ್ಯಾನ್ ಕಾರ್ಡು, ಕಾಲೇಜಿನ ಪತ್ರ, ಬ್ಯಾಂಕಿನ ಎ2 ಅರ್ಜಿ ಇದ್ದರೆ ಆಯಿತು. ವರ್ಷಕ್ಕೆ ಕಳಿಸುವ ಹಣ 10 ಲಕ್ಷ ದಾಟಿದರೆ ಬ್ಯಾಂಕು ಮುಂಗಡವಾಗಿ ಒಂದಿಷ್ಟು ತೆರಿಗೆ ಹಿಡಿಯಬಹುದು. ನಮ್ಮದು ದಾಟಲಿಲ್ಲ.

ಈಗ ದುಡ್ಡು ಎಲ್ಲಿಂದ? ಮಗಳು, ಅಳಿಯಂದಿರ ಉಳಿತಾಯ ಐದು ಲಕ್ಷ. ಪುಟ್ಟಿಯ ಖಾತೆಯಲ್ಲಿ ಹುಟ್ಟುಹಬ್ಬದ ಕಾಣಿಕೆಗಳೆಲ್ಲ ಸೇರಿ 70,000. ಕೊರತೆ ಸುಮಾರು ಮೂರು ಲಕ್ಷ. ಎಲ್ಲರೂ ಸುಮ್ಮನಾದರು. ನಾನು ಹೆದರಿದ್ದ ಮಾತನ್ನು ನಮ್ಮಾಕೆಯೇ ತೆಗೆದಳು.

“ರೀ, ನನ್ನ ಠೇವಣಿ ಮುರಿಸಿ. ಕಾಲು ಎಲ್ಲಿಗೂ ಓಡಿಹೋಗಲ್ಲ.”

“ಮುರಿಸೋದು ಬೇಡ” ಎಂದೆ. “ಆಪರೇಷನ್ ಇಂದೇ ಬೇಕು ಅಂತ ಡಾಕ್ಟರು ಹೇಳಿದ್ರೆ?”

ನನ್ನ ವಯಸ್ಸಿನ ಓದುಗರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಮೊಮ್ಮಕ್ಕಳ ಮೇಲಿನ ಪ್ರೀತಿಯಲ್ಲಿ ನಾವು ಔಷಧಿಗೆ ಇಟ್ಟ ದುಡ್ಡನ್ನು ಮುರಿದುಬಿಡುತ್ತೇವೆ. ಅವಧಿಗೆ ಮೊದಲೇ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ, ಸಾಮಾನ್ಯವಾಗಿ ಸ್ವಲ್ಪ ದಂಡವೂ ಬೀಳುತ್ತದೆ. ಅದರ ಬದಲು ಠೇವಣಿಯ ಮೇಲೆ ಸಾಲ ತೆಗೆದುಕೊಳ್ಳಬಹುದು. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಸಾಲದ ಬಡ್ಡಿ ಅದಕ್ಕಿಂತ ಶೇಕಡ ಒಂದೋ ಎರಡೋ ಹೆಚ್ಚು. ಒಂದು ಎಂದೇ ಹಿಡಿದರೆ ಮೂರು ಲಕ್ಷಕ್ಕೆ ವರ್ಷಕ್ಕೆ ನಿಜವಾದ ಹೊರೆ 3,000 ರೂಪಾಯಿ. ಉಳಿದ ಎರಡು ಲಕ್ಷ ಆಸ್ಪತ್ರೆಗೆ ಮೊದಲ ಕೈ.

ಆದರೂ ಅದು ನನ್ನ ತೀರ್ಮಾನವಲ್ಲ. ಠೇವಣಿ ಅವಳ ಹೆಸರಿನಲ್ಲಿದೆ, ಸಹಿ ಅವಳದು, ನೋವೂ ಅವಳದೇ. ಅವಳು ಮಗಳಿಗೆ ಎರಡು ಷರತ್ತು ಹಾಕಿದಳು. ತಿಂಗಳಿಗೆ 25,000ದಂತೆ ಹನ್ನೆರಡು ತಿಂಗಳಲ್ಲಿ ಸಾಲ ತೀರಬೇಕು. ಪುಟ್ಟಿ ವಾಪಸ್ ಬಂದ ಮೇಲೆ ಆಪರೇಷನ್ ಮಾಡಿಸುವಾಗ ಆಸ್ಪತ್ರೆಯಲ್ಲಿ ಒಂದು ವಾರ ಅವಳೇ ಜೊತೆಗಿರಬೇಕು. ಎರಡನ್ನೂ ನಾನು ಹಾಳೆಯ ಕೆಳಗೆ ಬರೆದು ಎಲ್ಲರ ಸಹಿ ಹಾಕಿಸಿದೆ. ಮನೆಯವರ ನಡುವೆ ಬರಹ ಯಾಕೆ ಎನ್ನಬೇಡಿ. ಬರೆದಿಟ್ಟರೆ ಆಮೇಲೆ ಮನಸ್ತಾಪವಿಲ್ಲ.

ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ನನ್ನ ಸ್ನೇಹಿತರೊಬ್ಬರ ಮೊಮ್ಮಗ ಹೀಗೇ ಬೇರೆ ದೇಶಕ್ಕೆ ಹೋಗಿ ಚೆನ್ನಾಗಿ ಓದಿ ಬಂದ. ಇಲ್ಲಿಗೆ ಬಂದಾಗ ಅವನ ಕಾಲೇಜು ಎರಡು ವಿಷಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮತ್ತೆ ಪರೀಕ್ಷೆ ಬರೆದ, ಅರ್ಧ ವರ್ಷ ಹೋಯಿತು. ಆದ್ದರಿಂದ ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವುದಕ್ಕೆ ಸಮ ಎಂದು ಹೊರಡುವ ಮುಂಚೆಯೇ ಎರಡೂ ಕಡೆಯವರಿಂದ ಬರೆಸಿಕೊಳ್ಳಬೇಕು. ಯುರೋಪಿನಲ್ಲಿ ಒಂದು ಸೆಮಿಸ್ಟರ್‌ಗೆ ಸಾಮಾನ್ಯವಾಗಿ 30 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಓದು. ಪುಟ್ಟಿ ವಿಭಾಗದ ಮುಖ್ಯಸ್ಥರ ಸಹಿ ಮೊದಲು ತಂದಳು, ವಿಮಾನದ ಟಿಕೆಟ್ ಆಮೇಲೆ. ಅಲ್ಲಿಯ ಪರೀಕ್ಷೆ ಫೆಬ್ರವರಿಯಲ್ಲಿ, ಇಲ್ಲಿ ಅಷ್ಟರೊಳಗೆ ಮುಂದಿನ ಸೆಮಿಸ್ಟರ್ ಶುರು. ಅದಕ್ಕೆ ಮೂರು ವಾರದ ಹಾಜರಿ ವಿನಾಯಿತಿಯನ್ನೂ ಬರೆಸಿಕೊಂಡಳು.

ಎಲ್ಲರ ಮನೆಯಲ್ಲೂ ಠೇವಣಿ ಇರುವುದಿಲ್ಲ, ಗೊತ್ತು. ಅಂಥವರು ಮೊದಲು ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನ ಕೇಳಬೇಕು. ಯುರೋಪಿನ ಎರಾಸ್ಮಸ್ ಯೋಜನೆಯಲ್ಲಿ ಒಪ್ಪಂದವಿರುವ ಕಾಲೇಜುಗಳ ಮಕ್ಕಳಿಗೆ ತಿಂಗಳ ಭತ್ಯೆಯೇ ಸಿಗುತ್ತದೆ. ಜರ್ಮನಿಯ ವೀಸಾಕ್ಕೆ ಸಾಕಷ್ಟು ಮೊತ್ತದ ವಿದ್ಯಾರ್ಥಿವೇತನದ ಪತ್ರವಿದ್ದರೆ ಬೀಗದ ಖಾತೆಯೇ ಬೇಡ. ಅಲ್ಲಿಗೆ ಹೋಗಿ ಕೆಲಸ ಮಾಡಿ ದುಡಿಯುತ್ತೇನೆ ಎಂಬ ಲೆಕ್ಕವನ್ನು ಮಾತ್ರ ಹಾಳೆಯಲ್ಲಿ ಬರೆಯಬೇಡಿ. ಕೆಲಸಕ್ಕೆ ಅನುಮತಿ ಇದ್ದರೂ ಸಿಗದ ಸಂಬಳ ಜಮಾ ಅಲ್ಲ.

ಪುಟ್ಟಿ ಅಕ್ಟೋಬರಿನಲ್ಲಿ ಹೋದಳು. ಮೊದಲ ಕಂತು ಕೈಗೆ ಬಂದದ್ದು 19ನೇ ದಿನ. ಕೈಖರ್ಚು ಇಟ್ಟದ್ದು ಒಳ್ಳೆಯದಾಯಿತು. ನಾವು ಮರೆತ ಖರ್ಚೂ ಒಂದು ಸಿಕ್ಕಿತು. ಮನೆಯಲ್ಲಿ ಟಿ.ವಿ. ಇಲ್ಲದಿದ್ದರೂ ಅಲ್ಲಿ ಮನೆಗೆ ತಿಂಗಳಿಗೆ 18.36 ಯೂರೋ ರೇಡಿಯೋ, ಟಿ.ವಿ. ಶುಲ್ಕ. ಅವಳು ಫೋನಿನಲ್ಲಿ ಗೊಣಗಿದಾಗ ನನಗೆ ನಗು ಬಂತು. ನಾವೂ ಒಂದು ಕಾಲದಲ್ಲಿ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟಿದವರೇ! ಪ್ಲಾಸ್ಟಿಕ್ ಬಾಟಲಿ ಅಂಗಡಿಗೆ ಹಿಂತಿರುಗಿಸಿದರೆ ಅಲ್ಲಿ 25 ಸೆಂಟ್ ವಾಪಸ್. ಅದನ್ನೂ ಅವಳು ನೋಟ್‌ಬುಕ್ಕಿನಲ್ಲಿ ಜಮಾ ಬರೆದಿದ್ದಾಳೆ.

ಮಾರ್ಚ್ ಮೊದಲ ವಾರ ವಾಪಸ್ ಬಂದಳು. ಎಲ್ಲ ವಿಷಯಗಳೂ ಲೆಕ್ಕಕ್ಕೆ ಬಂದಿವೆ. ಖರ್ಚಾಗದೆ ಉಳಿದ ಯೂರೋಗಳು ನೇರವಾಗಿ ಅಜ್ಜಿಯ ಸಾಲಕ್ಕೆ ಹೋದವು. ಇನ್ನು ನಾಲ್ಕು ಕಂತು ಬಾಕಿ. ಆಪರೇಷನ್‌ಗೆ ಮುಂದಿನ ತಿಂಗಳು ದಿನ ಗೊತ್ತಾಗಿದೆ. ಪುಟ್ಟಿ ಕಾಲೇಜಿಗೆ ರಜೆ ಅರ್ಜಿ ಕೊಟ್ಟಾಗಿದೆ.

ಮಕ್ಕಳೇ, ಈ ವಾರದ ಕೆಲಸ. ನಿಮ್ಮ ಶಾಲೆಯ ಪ್ರವಾಸಕ್ಕೋ, ಅಜ್ಜಿಯ ಊರಿಗೆ ಹೋಗುವುದಕ್ಕೋ ಒಂದು ಹಾಳೆಯಲ್ಲಿ ಖರ್ಚು ಬರೆಯಿರಿ. ಬರೆದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಯಾವುದನ್ನಾದರೂ ಎರಡು ಸಲ ಬರೆದೆನೆ? ಯಾವುದನ್ನಾದರೂ ಬಿಟ್ಟೆನೆ? ಆಮೇಲೆ ಆ ಹಾಳೆಯನ್ನು ತಾತನಿಗೋ ಅಜ್ಜಿಗೋ ತೋರಿಸಿ. ತೋರಿಸದೆ “ಹೋಗಲ್ಲ” ಎನ್ನಬೇಡಿ. ಹಿರಿಯರೇ, ನೀವೂ ಹಾಳೆ ನೋಡದೆ “ಆಯ್ತು ಬಿಡು” ಎನ್ನಬೇಡಿ. ನಾನು ಇನ್ನೇನು ಅಂದೇಬಿಡುತ್ತಿದ್ದೆ.